ಬಾಗಲಕ್ಕ ಕೀಲಿ ಐತೇನ್ರಿ?

ನಮ್ಮ ಮನೆಯಲ್ಲಿ ಕಳವಾದಾಗ ಬೀಗ ಒಡೆದಿರಲಿಲ್ಲ. ಅದೇ ಒಬ್ಬ ಹೆಂಗಸಿಗೆ ಮುಳುವಾಯಿತು. ಯಾರಾದರೂ ಸಲಾಕೆ ಹಾಕಿ ಮೀಟಿದ್ದರೆ, ಕೊಂಡಿ ಕಿತ್ತು ಬಂದಿದ್ದರೆ, ಪೊಲೀಸರು ಹೊರಗಿನ ಕಳ್ಳರನ್ನು ಹುಡುಕುತ್ತಿದ್ದರು. ಬೀಗ ನೆಟ್ಟಗಿತ್ತು, ಬಾಗಿಲು ನೆಟ್ಟಗಿತ್ತು, ಒಳಗಿನ ಮನೆ ಮಾತ್ರ ಬರಿದಾಗಿತ್ತು. ಹಾಗಾಗಿ ಎಲ್ಲರ ಕಣ್ಣೂ ನಮ್ಮ ಮನೆಗೆಲಸದವಳ ಮೇಲೆ ಬಿತ್ತು. ಇದೆಲ್ಲ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೆ ಏನನ್ನೋ ಬರೆದು ಎದ್ದಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಹಾವೇರಿ ಕಡೆಯಿಂದ ಬೆಂಗಳೂರಿನ ಕಗ್ಗದಾಸಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಯಜಮಾನರಿಗೆ ಸರಕಾರಿ ಕಚೇರಿಯಲ್ಲಿ ನೌಕರಿ. ಅತ್ತೆಯವರು ನಮ್ಮ ಜೊತೆಗೇ ಇದ್ದರು. ಮನೆಯ ಓನರಮ್ಮ ಅದೇ ಊರಿನ ಹಳೆಯ ಒಕ್ಕಲು ಮನೆತನದವರು. ಹೊಲಗಳೆಲ್ಲ ಸೈಟುಗಳಾಗಿ ಹೋಗಿದ್ದರೂ ಅವರ ಬಾಯಲ್ಲಿ ಹೊಲದ ಹೆಸರುಗಳೇ ಉಳಿದಿದ್ದವು. ನಾವಿದ್ದ ನೆಲಮಹಡಿಯನ್ನು ಅವರು ಕೊನೆಯವರೆಗೂ ‘ಬದ್ನೆಕಾಯ್ ಮಡಿ’ ಎಂದೇ ಕರೆದರು. ಅವರು ಮೇಲಿನ ಮಹಡಿಯಲ್ಲಿದ್ದರು. ನಮ್ಮ ಬಾಗಿಲು ನೇರ ಬೀದಿಗೆ, ನಡುವೆ ಸೊಂಟದೆತ್ತರದ ಒಂದು ಗೇಟು.

ಆಗ ಊರಾಚೆಯ ಬಡಾವಣೆಗಳಲ್ಲೆಲ್ಲ ಒಂದು ಹೆದರಿಕೆ ಹಬ್ಬಿತ್ತು. ಗಂಡಸರು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಯಾರೋ ಬಂದು ಕುಡಿಯಲು ನೀರು ಕೇಳುತ್ತಾರೆ, ನೀರು ತರಲು ಒಳಗೆ ತಿರುಗಿದರೆ ಬೆನ್ನ ಹಿಂದೆಯೇ ನುಗ್ಗುತ್ತಾರೆ ಅಂತ. ಅದರಲ್ಲಿ ನಡೆದದ್ದೆಷ್ಟು, ಬಾಯಿಂದ ಬಾಯಿಗೆ ಬೆಳೆದದ್ದೆಷ್ಟು, ನನಗೆ ಗೊತ್ತಿಲ್ಲ. ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಕೇಳದಿದ್ದರೂ ನೀರು, ಒಂದು ಚೂರು ಬೆಲ್ಲ ಕೊಡುವುದು ರೂಢಿ. ಇಲ್ಲಿ ಕಿಟಕಿಯ ಹಿಂದಿನಿಂದಲೇ ‘ನೀರಿಲ್ಲ, ಮುಂದ ಹೋಗ್ರಿ’ ಅನ್ನುವುದನ್ನು ಕಲಿತೆ. ಕಲಿಯಲು ಬಹಳ ದಿನ ಹಿಡಿಯಲಿಲ್ಲ.

ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವನಿಗೆ ಆಗ ಸುಗ್ಗಿ. ಕಿಟಕಿಗೆ ಗ್ರಿಲ್ಲು, ಗ್ರಿಲ್ಲಿಗೆ ಜಾಲರಿ, ಬಾಗಿಲ ಮುಂದೆ ಇನ್ನೊಂದು ಕಬ್ಬಿಣದ ಬಾಗಿಲು. ನಮ್ಮ ಯಜಮಾನರು ಬಾಗಿಲಿಗೆ ತೂತು ಕೊರೆಸಿ ಇಣುಕಿ ನೋಡುವ ಗಾಜು ಹಾಕಿಸಿದರು. ಅತ್ತೆಯವರು ಅದರಲ್ಲಿ ಒಂದು ಸಲ ನೋಡಿ, “ಎಲ್ಲಾರೂ ದೆವ್ವದ ಹಂಗ ಕಾಣ್ತಾರ” ಅಂತ ಮತ್ತೆ ಆ ಕಡೆ ಹೋಗಲಿಲ್ಲ. ಆದರೂ ಯಜಮಾನರಿಗೆ ಸಮಾಧಾನವಿಲ್ಲ. ಒಂದು ದಿನ ನನ್ನನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೋಗಿ, ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಂಗೈ ಅಗಲದ ಒಂದು ಹಿತ್ತಾಳೆ ಬೀಗ ಕೊಂಡರು. ಅಂಗಡಿಯ ಮುದುಕ ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟು, “ಏ ತಾಲಾ ತೋಡ್ನಾ ಬೋಲೇ ತೋ ಹಾತೀಚ್ ಆನಾ ಸಾಬ್” ಅಂದ. ಇದನ್ನು ಒಡೆಯಲು ಆನೆಯೇ ಬರಬೇಕಂತೆ. ಯಜಮಾನರು ಮೂರು ದಿನ ಆ ಮಾತನ್ನು ಸಿಕ್ಕವರಿಗೆಲ್ಲ ಹೇಳಿದರು.

ಆ ಒಂದು ಬೀಗಕ್ಕೆ ನಮ್ಮ ಬಾಗಿಲಲ್ಲಿ ನಾಲ್ಕು ಹೆಸರು. ಅಂಗಡಿಯವನು ತಾಲಾ ಅಂದ. ಓನರಮ್ಮ ಬೀಗ ಅನ್ನುತ್ತಿದ್ದರು. ಕೆಲಸದವಳು ಪೂಟು ಅನ್ನುತ್ತಿದ್ದಳು, ಅವಳ ಮನೆಮಾತು ತಮಿಳು. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ. ಕೀಲಿ ಹಾಕುವುದು, ಕೀಲಿ ತೆಗೆಯುವುದು. ಅದನ್ನು ತೆಗೆಯುವ ಬೀಗದ ಕೈಗೆ ಚಾವಿ. ಕೆಲಸದವಳು ಅದನ್ನು ಸಾವಿ ಅನ್ನುತ್ತಿದ್ದಳು. “ಸಾವಿ ಕೊಡಿಮ್ಮಾ” ಅಂತ ಅವಳು ಕೇಳಿದಾಗಲೆಲ್ಲ ಅತ್ತೆಯವರು, “ಮುಂಜಾನೆ ಎದ್ದು ಸಾವು ಸಾವು ಅಂತಾಳ, ನಾಲಿಗಿಗೆ ಎಲುಬಿಲ್ಲ” ಎಂದು ಗೊಣಗುತ್ತಿದ್ದರು. ನನಗೂ ಅವಳಿಗೂ ಮಾತ್ರ ಅದರಲ್ಲಿ ತೊಡಕಿರಲಿಲ್ಲ. ಅವಳ ಸಾವಿಯೂ ನನ್ನ ಚಾವಿಯೂ ಅಕ್ಕತಂಗಿಯರಂತಿದ್ದವು.

ಅವಳು ರೈಲ್ವೆ ಗೇಟಿನ ಆಚೆ ಒಂದು ಶೀಟಿನ ಮನೆಯಲ್ಲಿದ್ದಳು. ಗಂಡ ತೀರಿಕೊಂಡಿದ್ದ. ನಮ್ಮ ಬೀದಿಯಲ್ಲೇ ಐದು ಮನೆ ಮಾಡುತ್ತಿದ್ದಳು, ನಮ್ಮದೂ ಸೇರಿ ಆರು. ಪಾತ್ರೆ ತೊಳೆದು ಬೋರಲು ಹಾಕುವಾಗ ಒಂದೊಂದನ್ನೂ ತಮಿಳಿನಲ್ಲಿ ಗಟ್ಟಿಯಾಗಿ ಎಣಿಸುವುದು ಅವಳ ಪದ್ಧತಿ. ಯಾಕೆ ಅಂತ ಒಮ್ಮೆ ಕೇಳಿದೆ. “ನಾಳೆ ಒಂದು ಸ್ಪೂನ್ ಇಲ್ಲ ಅಂದ್ರೆ ಯಾರನ್ನಮ್ಮಾ ಕೇಳ್ತಾರೆ? ನನ್ನೇ ಅಲ್ವಾ?” ಅಂದಳು. ಒಂದು ಸಲ ಬಚ್ಚಲ ಜಾಲರಿಯಲ್ಲಿ ಸಿಕ್ಕಿದ್ದ ನನ್ನ ಕಿವಿಯೋಲೆಯನ್ನು, ಅದು ಕಳೆದದ್ದು ನನಗೆ ಗೊತ್ತಾಗುವ ಮೊದಲೇ, ತೊಳೆದು ತಂದು ಅಂಗೈಯಲ್ಲಿಟ್ಟಿದ್ದಳು. ಹೀಗಿದ್ದವಳಿಗೆ ಹಿತ್ತಾಳೆ ಬೀಗದ ಮೂರು ಚಾವಿಗಳಲ್ಲಿ ಒಂದನ್ನು ಕೊಟ್ಟದ್ದು ನಾನೇ. ಒಂದು ಯಜಮಾನರ ಹತ್ತಿರ, ಒಂದು ನನ್ನ ಹತ್ತಿರ.

ತಂಗಿಯ ಮದುವೆಗೆ ಒಂದು ಶುಕ್ರವಾರ ಊರಿಗೆ ಹೊರಟೆವು. ಸೋಮವಾರ ಬೆಳಿಗ್ಗೆ ವಾಪಸು. ಮನೆ ಖಾಲಿ ಎಂದು ಗೊತ್ತಾಗದಿರಲು ಏನೇನು ಮಾಡಬೇಕೋ ಎಲ್ಲ ಮಾಡಿದ್ದೆವು. ಹಾಲು, ಪೇಪರು ಬೇಡವೆಂದು ಹೇಳಿದ್ದಾಯಿತು. ಕೆಲಸದವಳು ಸಂಜೆ ಬಂದು ಮುಂದಿನ ದೀಪ ಹಾಕಿ, ಬೆಳಿಗ್ಗೆ ಆರಿಸಿ, ತುಳಸಿಗೆ ನೀರು ಹಾಕುವುದೆಂದು ಮಾತಾಯಿತು. ಭಾನುವಾರ ಮಾತ್ರ ಅವಳು ಶಿವಾಜಿನಗರದ ಚರ್ಚಿಗೆ ಹೋಗುತ್ತಿದ್ದುದರಿಂದ ಬರುವುದಿಲ್ಲ ಅಂದಳು. ಒಂದೇ ದಿನ ತಾನೆ ಅಂದುಕೊಂಡೆವು. ರೈಲಿನಲ್ಲಿ ಕಳ್ಳರಿರುತ್ತಾರೆ ಅಂತ ಅತ್ತೆಯವರ ಪಾಟ್ಲಿ ಬಳೆ, ಬೋರಮಾಳ ಸರ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆವು. ಯಾರಿಗೂ ಹೊಳೆಯದ ಜಾಗ ಅಂತ ಮನೆಮನೆಯಲ್ಲೂ ಎಲ್ಲರೂ ಬಚ್ಚಿಡುವ ಜಾಗ ಅದೇ ಎಂದು ಆಗ ನಮಗೆ ಹೊಳೆಯಲಿಲ್ಲ.

ಮಧ್ಯಾಹ್ನದ ರೈಲು. ಆಟೋದವನು ಬಂದು ನಿಂತು ಹಾರನ್ನು ಬಾರಿಸತೊಡಗಿದ. “ಬೇಗ ಬನ್ನಿಮ್ಮಾ, ರೈಲ್ವೆ ಗೇಟ್ ಹಾಕ್ಬಿಟ್ರೆ ಅರ್ಧ ಗಂಟೆ ಅಲ್ಲೇ ಕೂರ್ಬೇಕು, ಆಮೇಲೆ ನನ್ನ ಕೇಳ್ಬೇಡಿ.” ಯಜಮಾನರು ಅತ್ತೆಯವರ ತೋಳು ಹಿಡಿದು ಹತ್ತಿಸುತ್ತಿದ್ದರು. ಕಂಕುಳಲ್ಲಿ ಒಂದು ಬುಟ್ಟಿ, ಕೈಯಲ್ಲಿ ಒಂದು ಚೀಲ ಹಿಡಿದುಕೊಂಡೇ ನಾನು ಕೀಲಿ ಹಾಕಿದೆ. ಎರಡು ಸಲ ಜಗ್ಗಿ ನೋಡಿದೆ. ಜಗ್ಗಿದ್ದು ಇವತ್ತಿಗೂ ಕೈಗೆ ನೆನಪಿದೆ. ಚಾವಿಯನ್ನು ಏನು ಮಾಡಿದೆ ಅನ್ನುವುದು ಮಾತ್ರ ನೆನಪಿನಲ್ಲೇ ಇಲ್ಲ.

ಮೆಜೆಸ್ಟಿಕ್ ಮುಟ್ಟಿದಾಗ ರೈಲಿಗಿನ್ನೂ ಹೊತ್ತಿತ್ತು. ಪ್ಲಾಟ್‌ಫಾರಂ ಮೇಲೆ ಕೂತ ಕೂಡಲೇ ನನಗೆ ಅನುಮಾನ ಹತ್ತಿತು. ಕೀಲಿ ಹಾಕಿದೆನೋ ಇಲ್ಲವೋ? ಯಜಮಾನರು ಸಿಡುಕಿದರು: “ಎರಡು ಸಲ ಜಗ್ಗಿದ್ದನ್ನ ನಾನ ನೋಡೇನಿ. ಸುಮ್ನ ಕೂಡು.” ಸುಮ್ಮನೆ ಕೂಡಲಾಗಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ ಓನರಮ್ಮನ ಮನೆಗೆ ಫೋನು ಮಾಡಿದೆ.

“ಅಮ್ಮಾ, ನಾನ್ರಿ, ಕೆಳಗಿನ ಮನಿಯಾಕಿ. ನಮ್ಮ ಬಾಗಲಕ್ಕ ಕೀಲಿ ಐತೇನ್ರಿ? ಒಂಚೂರು ನೋಡಿ ಬರ್ರಿ.”

ಅವರು ರಿಸೀವರನ್ನು ಪಕ್ಕಕ್ಕಿಟ್ಟು ಮೆಟ್ಟಿಲಿಳಿದು ಹೋಗಿ ಬರುವವರೆಗೂ ಉಸಿರು ಹಿಡಿದು ನಿಂತಿದ್ದೆ. ಬಂದರು.

“ಐತೆ ಕಣಮ್ಮ. ಬಾಗ್ಲಲ್ಲೇ ಐತೆ.”

“ಅಬ್ಬಾ, ಛಲೋ ಆತ್ರಿ.”

“ತೆಗ್ದು ಮಡಿಕ್ಕಳ್ಳಾ?”

ನನಗೆ ನಗು ಬಂತು. ಹಾಕಿದ ಕೀಲಿಯನ್ನು ತೆಗೆದು ಇಟ್ಟುಕೊಳ್ಳುವುದೇ? “ಅಯ್ಯ, ಬ್ಯಾಡ್ರಿ ಯಮ್ಮಾ! ತಗೀಬ್ಯಾಡ್ರಿ. ಹಂಗ ಇರ್ಲಿ.”

“ಸರಿ ಬುಡು. ನಿಮ್ಮಿಷ್ಟ.”

ರೈಲು ಯಶವಂತಪುರ ದಾಟುವವರೆಗೂ ನಾವು ಅದನ್ನೇ ಹೇಳಿಕೊಂಡು ನಕ್ಕೆವು. “ಕೀಲಿ ತಗದು ಇಟ್ಕೊಳ್ಲೇನು ಅಂತ ಕೇಳ್ತಾರ, ಎಂಥಾ ಮುಗ್ಧ ಜೀವ” ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡರು. ಮದುವೆ ಚೆನ್ನಾಗಿಯೇ ನಡೆಯಿತು. ಮೂರು ದಿನ ನಾನು ಒಂದು ಸಲವೂ ಮನೆಯ ಚಿಂತೆ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಬಂದಾಗ ಬಿಸಿಲೇರಿತ್ತು, ಮುಂದಿನ ದೀಪ ಉರಿಯುತ್ತಲೇ ಇತ್ತು. ಶನಿವಾರ ಸಂಜೆ ಹಾಕಿದ್ದು, ಭಾನುವಾರ ಹಗಲಿಡೀ ಉರಿದಿತ್ತು. ಮನೆಯಲ್ಲಿ ಯಾರೂ ಇಲ್ಲ ಎಂದು ಬೀದಿಗೆಲ್ಲ ಸಾರಲು ಬೇರೆ ಏನೂ ಬೇಕಿರಲಿಲ್ಲ. ಯಜಮಾನರು ತಮ್ಮ ಚಾವಿಯಿಂದ ಬಾಗಿಲು ತೆರೆದರು. ಟೀವಿ ಇದ್ದ ಜಾಗದಲ್ಲಿ ಧೂಳಿನ ಚೌಕ ಇತ್ತು. ಬೆಳ್ಳಿ ದೀಪಗಳಿಲ್ಲ. ಅಡುಗೆಮನೆಯ ನೆಲದ ತುಂಬ ಜೋಳದ ಹಿಟ್ಟು, ಅದರ ಮೇಲೆ ಬರಿಗಾಲಿನ ಹೆಜ್ಜೆಗಳು. ಅತ್ತೆಯವರು ಆ ಹಿಟ್ಟಿನಲ್ಲೇ ಕುಸಿದು ಕೂತು ಖಾಲಿ ಡಬ್ಬಿಯೊಳಗೆ ಮತ್ತೆ ಮತ್ತೆ ಕೈಯಾಡಿಸಿದರು. ಅವರ ತವರಿನವರು ಕೊಟ್ಟದ್ದು ಅಂತ ಉಳಿದಿದ್ದು ಅವೆರಡೇ.

ಓನರಮ್ಮನ ಮನೆಯವರು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನೆಂಟರ ಮನೆಯ ಹರಕೆಯ ಊಟಕ್ಕೆ ಹೋಗಿದ್ದರಂತೆ. ಅವರಿಗೆ ಏನೂ ಕೇಳಿಸಲಿಲ್ಲ, ಕಾಣಿಸಲಿಲ್ಲ. ಯಜಮಾನರು ಠಾಣೆಗೆ ಹೋಗಿ ಪೊಲೀಸರನ್ನು ಕರೆತಂದರು.

ಬಂದ ಅಧಿಕಾರಿ ಮೊದಲು ಬೀಗವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. “ಒಡೆದಿಲ್ಲ. ಒಂದು ಗೀರೂ ಇಲ್ಲ. ಕೀ ಎಷ್ಟಿವೆ?”

“ಮೂರು” ಎಂದರು ಯಜಮಾನರು, ತಮ್ಮದನ್ನು ತೋರಿಸುತ್ತ.

“ಒಂದು ನನ್ನ ಹತ್ತಿರ ಇದೆ ಸರ್” ಅಂದೆ ನಾನು. ಹೆಗಲ ಚೀಲವನ್ನು ತೆರೆಯಲಿಲ್ಲ, ಮೇಲಿನಿಂದ ತಟ್ಟಿದೆ. ಒಳಗೆ ಟ್ರಂಕಿನ ಚಾವಿಗಳು ಗಿಲಕ್ಕೆಂದವು. ಅದು ಅವನಿಗೂ ಸಾಕಾಯಿತು, ನನಗೂ ಸಾಕಾಯಿತು.

“ಇನ್ನೊಂದು?”

ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. “ಕೆಲಸದಾಕಿ ಹತ್ರ ಐತ್ರಿ” ಎಂದರು.

ಅಷ್ಟರಲ್ಲಿ ಅವಳೇ ಬಂದಳು, ದಿನದ ಹೊತ್ತಿಗೆ. ಹಿಟ್ಟು ಚೆಲ್ಲಿದ್ದನ್ನು ನೋಡಿ ಬಾಯ ಮೇಲೆ ಕೈಯಿಟ್ಟುಕೊಂಡು, ನೇರ ಪೊರಕೆಗೆ ಕೈ ಹಾಕಿದಳು. ಮುಟ್ಟಬೇಡ ಅಂದರು. ಹಿಟ್ಟಿನ ಡಬ್ಬಿಯಲ್ಲಿ ಚಿನ್ನ ಇತ್ತು ಅನ್ನುವುದು ಹೊರಗಿನ ಕಳ್ಳನಿಗೆ ಹೇಗೆ ಗೊತ್ತಾಗುತ್ತೆ ಅಂತ ಅಧಿಕಾರಿ ನಮ್ಮನ್ನೇ ಕೇಳಿದ. ಭಾನುವಾರವೇ ಅವಳು ಯಾಕೆ ಬರಲಿಲ್ಲ ಅಂತಲೂ ಕೇಳಿದ. ಆ ಗಳಿಗೆಯಲ್ಲಿ ನನಗೂ ಅದೆಲ್ಲ ಸರಿಯೆನಿಸಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಿವಿಯೋಲೆ ತಂದುಕೊಟ್ಟದ್ದು ಕೂಡ ನಂಬಿಕೆ ಗಿಟ್ಟಿಸಲು ಮಾಡಿದ ನಾಟಕ ಅಂತ ಅತ್ತೆಯವರು ಅಂದಾಗ ನಾನು ಇಲ್ಲ ಅನ್ನಲಿಲ್ಲ. ಅವಳನ್ನು ಜೀಪಿನಲ್ಲಿ ಕರೆದೊಯ್ದರು. ಬೀದಿಯ ಐದೂ ಮನೆಯವರು ಗೇಟಿಗೆ ಬಂದು ನೋಡಿದರು.

ಮಂಗಳವಾರ ಅಧಿಕಾರಿ ಮತ್ತೆ ಬಂದ. “ಆಯಮ್ಮ ಕಥೆ ಕಟ್ತಾಳೆ. ಶುಕ್ರವಾರ ಸಾಯಂಕಾಲ ದೀಪ ಹಾಕೋಕೆ ಬಂದ್ರೆ ಕೀ ಬೀಗದಲ್ಲೇ ನೇತಾಡ್ತಾ ಇತ್ತಂತೆ. ತೆಗೆಯೋಕೆ ಹೋದ್ರೆ ನಿಮ್ಮ ಓನರಮ್ಮ ಬೇಡ ಅಂದ್ರಂತೆ. ಕೀ ಅಲ್ಲೇ ಇರ್ಲಿ ಅಂತ ನೀವೇ ಫೋನ್ ಮಾಡಿ ಹೇಳಿದ್ರಂತೆ. ಮಾರನೇ ದಿನ ನೋಡಿದ್ರೆ ಕೀ ಇಲ್ವಂತೆ.” ನಕ್ಕ. “ನಿಮ್ಮ ಓನರಮ್ಮನ್ನ ಕೇಳಿದ್ರೆ ನಂಗೇನೂ ಗೊತ್ತಿಲ್ಲ ಅಂತಾರೆ. ನೀವು ಹೇಳಿ, ಫೋನ್ ಮಾಡಿದ್ದು ಹೌದಾ?”

ನನಗೆ ಮೈಯೆಲ್ಲ ಉರಿಯಿತು. ಯಾವ ಹುಚ್ಚಿ ಹಾಗೆ ಹೇಳುತ್ತಾಳೆ? “ಫೋನ್ ಮಾಡಿದ್ದು ನಿಜ ಸರ್. ಬಾಗಿಲಿಗೆ ಬೀಗ ಇದೆಯಾ ಅಂತ ಕೇಳಿದೆ. ಇದೆ ಅಂದರು. ಬೀಗ ತೆಗೆಯಬೇಡಿ ಅಂದೆ. ಕೀ ಮಾತೇ ಬರಲಿಲ್ಲ.”

ಒಂದೊಂದು ಮಾತೂ ನಿಜ ಅಂದುಕೊಂಡೇ ಹೇಳಿದೆ. ಅಧಿಕಾರಿಗಳ ಮುಂದೆ ಊರ ಮಾತು ಆಡಿದರೆ ಹಳ್ಳಿಯವಳು ಅಂದುಕೊಳ್ಳುತ್ತಾರೆ ಎಂಬ ಅಳುಕು ನನಗೆ. ಬೆಂಗಳೂರಿಗೆ ಬಂದು ಎರಡು ವರ್ಷದಲ್ಲಿ ಆಫೀಸು, ಬ್ಯಾಂಕು, ಆಸ್ಪತ್ರೆಯಲ್ಲಿ ಇಲ್ಲಿನವರ ಹಾಗೆ ಮಾತಾಡಲು ರೂಢಿ ಮಾಡಿಕೊಂಡಿದ್ದೆ. ಅಂದು ಫೋನಿನಲ್ಲಿ ಕೀಲಿ ಅಂದಿದ್ದೆ. ಇಂದು ಪೊಲೀಸರ ಮುಂದೆ, ಯೋಚನೆ ಕೂಡ ಮಾಡದೆ, ಅದನ್ನು ಬೀಗ ಅಂತ ತಿದ್ದಿ ಹೇಳಿದೆ. ಅವನು ಬರೆದುಕೊಂಡ, ನಾನು ಸಹಿ ಹಾಕಿದೆ.

ಅವನು ಹೋದ ಮೇಲೆ ನನ್ನ ಮನಸ್ಸು ಯಾಕೋ ತಡೆಯಲಿಲ್ಲ. ಚೀಲವನ್ನು ಮಂಚದ ಮೇಲೆ ಕವುಚಿದೆ. ಟ್ರಂಕಿನ ಚಾವಿ ಇತ್ತು. ಕುಂಕುಮದ ಪೊಟ್ಟಣ, ಮದುವೆಯ ಅಕ್ಷತೆ, ಬಾಚಣಿಗೆ ಇತ್ತು. ಹಿತ್ತಾಳೆ ಬೀಗದ ಚಾವಿ ಇರಲಿಲ್ಲ. ಬುಟ್ಟಿ, ಟ್ರಂಕು, ಸೀರೆಯ ಮಡಿಕೆ, ಎಲ್ಲ ಹುಡುಕಿದೆ. ಮದುವೆ ಮನೆಯಲ್ಲಿ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತಂಗಿಗೆ ಒಂದು ಕಾಗದವನ್ನೂ ಬರೆದೆ, ಚಾವಿ ಸಿಕ್ಕರೆ ತಿಳಿಸು ಅಂತ. ಉತ್ತರ ಏನು ಬರುತ್ತದೆ ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಆಗಲೇ ಠಾಣೆಗೆ ಹೋಗಿ ‘ನನ್ನ ಚಾವಿ ಇಲ್ಲ, ಅವಳು ಹೇಳಿದ್ದು ನಿಜ ಇರಬಹುದು’ ಎಂದಿದ್ದರೆ ಬುಧವಾರದ ಠಾಣೆಯಾದರೂ ಅವಳಿಗೆ ತಪ್ಪುತ್ತಿತ್ತು. ಹೋಗಲಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆಯವರು ಬೋರಮಾಳ ನೆನೆಸಿಕೊಂಡು ಅಳುತ್ತಿದ್ದರು. ಸೊಸೆಯ ಕೈಯಿಂದಲೇ ಮನೆ ಹಾಳಾಯಿತು ಅನ್ನಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಯಜಮಾನರಿಗೂ ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಅಡುಗೆ ಮಾಡಿದೆ. ಬುಧವಾರವೂ ಅವಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿಕೊಂಡಿದ್ದರು.

ಏನೂ ಸಿಗಲಿಲ್ಲ. ಅವಳ ಶೀಟಿನ ಮನೆಯಲ್ಲಿ ತಗಡು ಪೆಟ್ಟಿಗೆ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಬಿಟ್ಟು ಕಳಿಸಿದರು. ಗುರುವಾರ ಅವಳು ಬಂದಳು. ಗೇಟಿನ ಒಳಗೆ ಕಾಲಿಡಲಿಲ್ಲ. ಪಾದ ಎರಡೂ ಊದಿಕೊಂಡು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು.

“ಸಾವಿ ತಗೋಮ್ಮಾ” ಅಂತ ಗೇಟಿನ ಮೇಲಿನಿಂದ ಕೈ ಚಾಚಿದಳು.

ನಾನು ಎದ್ದೇಳುವ ಮೊದಲೇ ಅತ್ತೆಯವರು, “ಅಲ್ಲೇ ಕಟ್ಟಿ ಮ್ಯಾಲ ಇಡು” ಎಂದರು. ಇಟ್ಟಳು. ನನ್ನನ್ನು ನೋಡಿದಳು. ಏನಾದರೂ ಹೇಳುತ್ತೇನೆ ಅಂತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಿಸಿ ನೆಲದ ಮೇಲೆ ನಿಧಾನವಾಗಿ ಹೊರಟುಹೋದಳು.

ಉಳಿದ ಐದು ಮನೆಯವರೂ ಒಬ್ಬೊಬ್ಬರಾಗಿ ಅವಳನ್ನು ಬಿಡಿಸಿದರು. ಯಾರೂ ಜಗಳವಾಡಲಿಲ್ಲ. ಒಬ್ಬರು ವಾಷಿಂಗ್ ಮೆಷಿನ್ ಬಂತು ಅಂದರು, ಒಬ್ಬರು ಊರಿಂದ ತಂಗಿ ಬಂದಿದ್ದಾಳೆ ಅಂದರು. ಮೂಲೆಮನೆಯಾಕೆ ನನ್ನನ್ನು ನಿಲ್ಲಿಸಿ, “ಪುಣ್ಯ ಮಾಡಿದ್ರಿ ಕಣ್ರೀ, ನಿಮ್ಮಿಂದ ನಾವೆಲ್ಲ ಬಚಾವಾದ್ವಿ” ಅಂತ ಕೈ ಹಿಡಿದುಕೊಂಡರು. ಆ ಕೈ ಬಿಡಿಸಿಕೊಳ್ಳಲೂ ಇಲ್ಲ ನಾನು. ಸ್ವಲ್ಪ ದಿನಕ್ಕೆ ಅವಳು ಶೀಟಿನ ಮನೆ ಬಿಟ್ಟು ಜೋಗುಪಾಳ್ಯದ ಅಕ್ಕನ ಮನೆಗೆ ಹೋದಳೆಂದು ಇಸ್ತ್ರಿ ಗಾಡಿಯಾಕೆ ಹೇಳಿದಳು. ನಮ್ಮ ಯಜಮಾನರು ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಇನ್ನೊಂದು ಕಬ್ಬಿಣದ ಬಾಗಿಲು ಹಾಕಿಸಿದರು.

ಒಂದೂವರೆ ವರ್ಷ ಕಳೆಯಿತು. ಓನರಮ್ಮ ಮಗಳ ಮನೆಗೆಂದು ಕೆ.ಆರ್. ಪುರಕ್ಕೆ ಹೊರಟವರು, ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ನನಗೆ ಕೊಡಲು ಕೆಳಗೆ ಬಂದರು. ಸಂತೋಷದಲ್ಲಿದ್ದರು, ರೇಗಿಸುವ ಹುಮ್ಮಸ್ಸು ಬಂದಿತ್ತು.

“ತಗಳಮ್ಮ. ನಿನ್ನಂಗೆ ಬಾಗ್ಲಲ್ಲೇ ಬುಟ್ಟು ಹೋಗೋ ಧೈರ್ಯ ನಂಗಿಲ್ಲವ್ವ.”

“ಏನು ಬಿಟ್ಟು ಹೋಗಿದ್ದೆನ್ರಿ?”

“ಅದೇ, ಕೀಲಿ. ಫೋನ್ ಮಾಡಿ ‘ಕೀಲಿ ಐತಾ’ ಅಂತ ಕೇಳ್ದಲ್ಲ. ಹೋಗಿ ನೋಡಿದ್ರೆ ಬೀಗ್ದಲ್ಲೇ ನ್ಯಾತಾಡ್ತಿತ್ತು. ಐತೆ, ತೆಗ್ದು ಮಡಿಕ್ಕಳ್ಳಾ ಅಂದ್ರೆ ಬ್ಯಾಡ, ಹಂಗೇ ಇರ್ಲಿ ಅಂದೆ. ನಿಮ್ಮ ಕಡೆ ನೆಂಟ್ರು ಯಾರಾನಾ ಬತ್ತಾರೇನೋ ಅಂದ್ಕಂಡೆ. ಆ ಕೆಲಸದೋಳು ಎತ್ಕಳಕೆ ಹೋದ್ಲು, ನಾನೇ ಬೈದು ಬುಡಿಸ್ದೆ.”

ಅವರಿಗೆ ಕೀಲಿ ಅಂದರೆ ಬೀಗದ ಕೈ. ದಿನಾ ಕೀ ಅನ್ನುವವರು, ಕೀಲಿಕೈ ಎಂಬ ಮಾತನ್ನೂ ಎಲ್ಲೋ ಕೇಳಿದವರು, ಅವರ ಕಿವಿಗೆ ಕೀಲಿ ಬೇರೆ ಏನಾಗಬೇಕು? ಅವರು ಕೈಯನ್ನು ನೋಡಿ ಐತೆ ಅಂದರು, ನಾನು ಬೀಗವೆಂದು ತಿಳಿದು ಸಮಾಧಾನಪಟ್ಟೆ. ನಾವು ಯಶವಂತಪುರದವರೆಗೆ ನಕ್ಕದ್ದು ಇದಕ್ಕೆ. ಕಟ್ಟೆಯ ಮೇಲೆ ಕೂತೆ.

“ಪೊಲೀಸ್ನವರು ಕೇಳಿದಾಗ ಯಾಕ ಹೇಳಲಿಲ್ರಿ?”

“ಸ್ಟೇಷನ್ ಸವಾಸ ಬ್ಯಾಡ, ಬಾಯಿ ಬುಡಬ್ಯಾಡ ಅಂದ್ರು ನಮ್ಮೋರು. ಆಮ್ಯಾಕೆ ನೀನೇ ಇಲ್ಲ ಅಂದೆ, ಇನ್ನು ನಾನ್ಯಾಕಮ್ಮ ಹೌದು ಅನ್ಲಿ?” ಹೊತ್ತಾಯಿತು ಅಂತ ಬಸ್ಸಿಗೆ ಹೊರಟರು. ಅವರ ಮೇಲೆ ನನಗೆ ಬಂದ ಸಿಟ್ಟು ಬಹಳ ದಿನ ಇತ್ತು. ನನ್ನ ಮೇಲೆ ಬರಬೇಕಾದದ್ದನ್ನು ಅವರ ಮೇಲೆ ಹಾಕಿದ್ದೆ.

ಅವತ್ತೇ ಯಜಮಾನರಿಗೆ ಎಲ್ಲ ಹೇಳಿದೆ, ಚಾವಿ ಸಿಗದ ವಿಷಯವನ್ನೂ ಸೇರಿಸಿ. ಅವರು, “ಮುಗದು ಹೋಗೇತಿ. ಈಗ ಯಾಕ ಕೆದಕ್ತಿ? ಅವ್ವನ ಮುಂದ ಮಾತ್ರ ತಗೀಬ್ಯಾಡ” ಅಂದರು.

ಎರಡು ದಿನ ಬಿಟ್ಟು ನಾನೊಬ್ಬಳೇ ಜೋಗುಪಾಳ್ಯಕ್ಕೆ ಹೋದೆ. ಹೊತ್ತು ಹತ್ತೂವರೆ ಇರಬಹುದು. ಇಸ್ತ್ರಿ ಗಾಡಿಯಾಕೆ ಕೊಟ್ಟ ಗುರುತು ಹಿಡಿದು ಎರಡು ಮೂರು ಓಣಿ ಸುತ್ತಿ ಮನೆ ಹುಡುಕಿದೆ. ಹೊಸ್ತಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿದಳು. ಏಳಲಿಲ್ಲ, ಕೂರು ಅಂತಲೂ ಅನ್ನಲಿಲ್ಲ. ಕೈ ಮಾತ್ರ ಹೂ ಕಟ್ಟುತ್ತಲೇ ಇತ್ತು.

ನಿಂತುಕೊಂಡೇ ಹೇಳಿದೆ. ಚಾವಿ ಬಾಗಿಲಲ್ಲೇ ಬಿಟ್ಟವಳು ನಾನು, ತೆಗೆಯಬೇಡಿ ಅಂದವಳೂ ನಾನು, ಕೀಲಿ ಅನ್ನುವ ಒಂದು ಮಾತಿನಿಂದ ಹೀಗಾಯಿತು, ನನಗೆ ಗೊತ್ತಿರಲಿಲ್ಲ. ಆಮೇಲೆ, ಸ್ವಲ್ಪ ತಡೆದು, ಮಂಗಳವಾರವೇ ನನ್ನ ಚಾವಿ ಇಲ್ಲದ್ದು ಗೊತ್ತಾಗಿತ್ತು ಅಂತಲೂ ಹೇಳಿದೆ.

ಅವಳು ದಾರಕ್ಕೆ ಗಂಟು ಹಾಕಿ ತಲೆಯೆತ್ತಿದಳು.

“ಇದನ್ನ ನನ್ ಹತ್ರ ಯಾಕಮ್ಮಾ ಹೇಳ್ತೀಯ? ಸಾವಿ ಪೂಟಲ್ಲಿತ್ತು ಅಂತ ನಂಗೆ ಮೊದ್ಲೇ ಗೊತ್ತು. ನಾನು ಎತ್ಕೊಂಡಿಲ್ಲ ಅಂತಾನೂ ಗೊತ್ತು. ಗೊತ್ತಿಲ್ದೆ ಇರೋರು ಆ ಐದು ಮನೆಯವ್ರು. ಅವ್ರ ಹತ್ರ ಹೋಗಿ ಹೇಳು.”

“ಹೇಳ್ತೀನಿ” ಅಂದೆ. “ಖಂಡಿತ ಹೇಳ್ತೀನಿ.”

“ಇಲ್ಲೂ ಯಾರೂ ಮನೆ ಕೆಲ್ಸಕ್ಕೆ ಕರೆಯಲ್ಲ. ಮೊದ್ಲು ಎಲ್ಲಿ ಮಾಡ್ತಿದ್ದೆ ಅಂತ ಕೇಳ್ತಾರೆ. ಹೇಳಿದ್ರೆ ಅಲ್ಲಿಗೆ ಹೋಗಿ ವಿಚಾರಿಸ್ತಾರೆ.” ಮತ್ತೆ ಹೂವಿಗೆ ಕೈ ಹಾಕಿದಳು. “ಹೋಗಮ್ಮಾ, ಬಿಸ್ಲು ಆಗುತ್ತೆ.”

ಬಸ್ಸಿನಲ್ಲಿ ಬರುವಾಗ ಏನು ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡೆ. ಬೀಗ ಅನ್ನಬೇಕು, ಕೀಲಿ ಅನ್ನಬಾರದು, ಮತ್ತೆ ಗೊಂದಲವಾಗಬಾರದು ಅಂತೆಲ್ಲ ಯೋಚಿಸಿದೆ. ಮನೆಗೆ ಹೋಗಿ ಚೀಲ ಇಟ್ಟರೆ ಮನಸ್ಸು ಬದಲಾಗುತ್ತದೆಂದು ಗೊತ್ತಿತ್ತು. ಹಾಗಾಗಿ ಬಸ್ಸಿಳಿದವಳೇ ನೇರ ಮೂಲೆಮನೆಗೆ ಹೋಗಿ ಗಂಟೆ ಒತ್ತಿದೆ. ಒಳಗಿನಿಂದ ಇಣುಕುಗಾಜಿನಲ್ಲಿ ನೋಡಿದರು. ಒಂದು ಚಿಲಕ ತೆಗೆದರು, ಇನ್ನೊಂದು ತೆಗೆದರು, ಸರಪಳಿ ಕಳಚಿದರು, ಕಬ್ಬಿಣದ ಬಾಗಿಲಿನ ಬೀಗವನ್ನೂ ತೆಗೆದು ನಗುತ್ತ ನಿಂತರು. “ಓ, ನೀವಾ? ಬನ್ನಿ ಬನ್ನಿ. ಏನ್ರೀ ಈ ಹೊತ್ತಲ್ಲಿ?”

ಅವರ ಹಿಂದೆ ಹೊಸ ಕೆಲಸದವಳು ನೆಲ ಒರೆಸುತ್ತಿದ್ದಳು. ಅವಳೂ ತಲೆಯೆತ್ತಿ ನೋಡಿದಳು.

“ಏನಿಲ್ರಿ” ಅಂದೆ. “ಹಾಲಿಗೆ ಹೆಪ್ಪು ಇಲ್ಲ. ಒಂದು ಚಮಚ ಮೊಸರಿದ್ರ ಕೊಡ್ರಿ.”

ಬಟ್ಟಲಲ್ಲಿ ತಂದುಕೊಟ್ಟರು. ಇಸಿದುಕೊಂಡು ಮನೆಗೆ ಬಂದೆ. ಉಳಿದ ನಾಲ್ಕು ಮನೆಗೆ ಹೋಗಲೇ ಇಲ್ಲ.